ಮ್ಯಾಂಡೊಲಿನ್‌ಗೆ ಯಾವ ಪಿಕಪ್? ಮೊದಲು ವೇದಿಕೆ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಪ್ರಶ್ನೆ: ನಾನು ಸಿಂಧನೂರಿನವನು. ನಮ್ಮ ತಂದೆಯವರ ಕಾಲದ ಎಂಟು ತಂತಿಯ ಅಕೂಸ್ಟಿಕ್ ಮ್ಯಾಂಡೊಲಿನ್ ನನ್ನ ಬಳಿ ಇದೆ. ಉಬ್ಬಿದ ಮೇಲ್ಹಲಗೆಯ ಎರಡೂ ಬದಿಗೆ ಎಫ್ ಆಕಾರದ ಕಂಡಿಗಳಿವೆ. ದಾಸರ ಪದಗಳ ಭಜನೆಗೆ, ಸುಗಮ ಸಂಗೀತಕ್ಕೆ, ಸೀಸನ್ ಬಂದಾಗ ಮದುವೆ ಮತ್ತು ಜಾತ್ರೆಯ ಆರ್ಕೆಸ್ಟ್ರಾಗಳಿಗೆ ನುಡಿಸುತ್ತೇನೆ. ಗುಡಿಯಲ್ಲಿ ಒಂದು ಮೈಕ್ ಇಟ್ಟರೆ ನಡೆಯುತ್ತದೆ. ಕೀಬೋರ್ಡ್, ರಿದಂ ಪ್ಯಾಡ್ ಇರುವ ವೇದಿಕೆಯಲ್ಲಿ ಮಾತ್ರ ನನ್ನ ವಾದ್ಯ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಕುಂಯ್ ಎಂದು ಕೂಗುತ್ತದೆ. ಒಬ್ಬರು ಗಿಟಾರಿನ ಮ್ಯಾಗ್ನೆಟಿಕ್ ಪಿಕಪ್ (ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಾಧನ) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಬಜರ್‌ನ ಬಿಲ್ಲೆ ಒಳಗೆ ಅಂಟಿಸಿದರೆ ಸಾಕು ಎನ್ನುತ್ತಾರೆ. ವಾದ್ಯಕ್ಕೆ ತೂತು ಕೊರೆದರೆ ನಾದ ಕೆಡುತ್ತದೆ ಎಂಬ ಭಯ ನನಗೆ. ಹನ್ನೆರಡು ಸಾವಿರ ರೂಪಾಯಿ ಖರ್ಚು ಮಾಡಬಲ್ಲೆ. ಪಿಕಪ್ ಹಾಕಿಸಿದರೆ ಮ್ಯಾಂಡೊಲಿನ್ ಶ್ರೀನಿವಾಸ್ ಅವರ ವಾದ್ಯದಂಥ ದನಿ ಬರುತ್ತದೆಯೇ? ಅದೇ ಪಿಕಪ್ ರೆಕಾರ್ಡಿಂಗ್‌ಗೂ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿರುವ ತೊಂದರೆ ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅದರೊಳಗೆ ಎರಡಿವೆ. ದನಿ ಸಾಲದಿರುವುದು ಒಂದು, ಏರಿಸಿದರೆ ಕೂಗುವುದು ಇನ್ನೊಂದು. ಪಿಕಪ್ ಹಾಕಿಸಿದರೆ ಎರಡೂ ಒಟ್ಟಿಗೆ ಪರಿಹಾರವಾಗುತ್ತವೆ ಎಂಬ ನಂಬಿಕೆ ನಮ್ಮ ಭಾಗದ ಕಲಾವಿದರಲ್ಲಿ ಬಲವಾಗಿದೆ, ಅದು ಅರ್ಧ ಮಾತ್ರ ನಿಜ. ಬಳ್ಳಾರಿಯಲ್ಲಿ ವಾದ್ಯಗಳ ರಿಪೇರಿಯನ್ನೂ ವೇದಿಕೆಯ ಧ್ವನಿ ವ್ಯವಸ್ಥೆಯನ್ನೂ ಬಹಳ ವರ್ಷಗಳಿಂದ ನೋಡಿಕೊಂಡು ಬಂದವನಾಗಿ ಹೇಳುವುದಾದರೆ, "ಪಿಕಪ್ ಸರಿಯಿಲ್ಲ" ಎಂದು ನನ್ನ ಬಳಿಗೆ ಬರುವ ವಾದ್ಯಗಳಲ್ಲಿ ಹೆಚ್ಚಿನವುಗಳ ಪಿಕಪ್ ಸರಿಯಾಗಿಯೇ ಇರುತ್ತದೆ; ಪಿಕಪ್ಪಿಗೂ ಮಿಕ್ಸರಿಗೂ ನಡುವೆ ಇರಬೇಕಾದದ್ದು ಇರುವುದಿಲ್ಲ. ಆದ್ದರಿಂದ ನಿಮ್ಮ ಹಣದಲ್ಲಿ ಪಿಕಪ್ಪಿಗೆ ಎಷ್ಟು, ಆ ನಡುವಿನ ಪೆಟ್ಟಿಗೆಗೆ ಎಷ್ಟು ಎಂಬುದೇ ಈ ಉತ್ತರದ ಮುಖ್ಯ ವಿಷಯ.

ಮೊದಲು ಕೂಗುವುದರ ಕಾರಣ ನೋಡೋಣ. ಸ್ಪೀಕರ್‌ನಿಂದ ಹೊರಟ ನಾದ ಮತ್ತೆ ವಾದ್ಯಕ್ಕೆ ತಲುಪಿ, ಅಲ್ಲಿಂದ ಮೈಕ್ ಅಥವಾ ಪಿಕಪ್ಪಿನ ಮೂಲಕ ಪುನಃ ಸ್ಪೀಕರ್‌ಗೆ ಹೋಗಿ, ಪ್ರತಿ ಸುತ್ತಿಗೂ ಬೆಳೆಯುತ್ತಾ ಹೋದಾಗ ಕೂಗು ಏಳುತ್ತದೆ. ಮ್ಯಾಂಡೊಲಿನ್‌ನ ಮೇಲ್ಹಲಗೆ ತೆಳುವಾದದ್ದು, ಕಂಪಿಸಲೆಂದೇ ಮಾಡಿದ್ದು. ಪೆಟ್ಟಿಗೆಯೊಳಗಿನ ಗಾಳಿಗೂ ತನಗೆ ಒಗ್ಗಿದ ಒಂದು ಸ್ವರವಿರುತ್ತದೆ. ಸಾಮಾನ್ಯವಾಗಿ ಅದು 200 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ 196 ಹರ್ಟ್ಸ್‌ನ ನಿಮ್ಮ ಮಂದ್ರದ ಜಿ ತಂತಿಗೆ ಹತ್ತಿರದಲ್ಲೇ ಇರುತ್ತದೆ. ಇದನ್ನು ನೀವೇ ಪರೀಕ್ಷಿಸಬಹುದು. ವಾದ್ಯದ ಬೆನ್ನನ್ನು ಅಂಗೈಯಲ್ಲಿ ಹಿಡಿದು, ಕಂಡಿಯ ಬಳಿ ಬಾಯಿ ತಂದು, ಕೆಳಗಿನ ಸ್ವರದಿಂದ ನಿಧಾನವಾಗಿ ಗುನುಗುತ್ತಾ ಏರಿ; ಒಂದು ಜಾಗದಲ್ಲಿ ಪೆಟ್ಟಿಗೆ ಅಂಗೈಯಲ್ಲಿ ಜುಮ್ಮೆನ್ನುತ್ತದೆ. ವೇದಿಕೆಯ ಮೇಲೆ ಮೊದಲು ಕೂಗುವುದು ಹೆಚ್ಚಾಗಿ ಆ ಸ್ವರವೇ. ಆ ಹಲಗೆಗೇ ಪಿಕಪ್ ಅಂಟಿಸಿದರೂ ಸ್ಪೀಕರ್ ಅದನ್ನು ಅಲುಗಿಸುವುದು ತಪ್ಪುವುದಿಲ್ಲ. ಮೈಕಿಗಿಂತ ಎಷ್ಟೋ ಹೆಚ್ಚು ವಾಲ್ಯೂಮ್ ಸಿಗುತ್ತದೆ ಎಂಬುದು ನಿಜ, ಕೂಗು ಪೂರ್ತಿ ನಿಲ್ಲುತ್ತದೆ ಎಂಬುದು ನಿಜವಲ್ಲ.

ಹಾಗಾಗಿ ಹಣ ಖರ್ಚು ಮಾಡುವ ಮೊದಲು ಈಗಿರುವ ಮೈಕಿನಿಂದ ಸಿಗುವಷ್ಟನ್ನು ಪೂರ್ತಿ ಪಡೆಯಿರಿ. ಮೈಕ್ ಮತ್ತು ವಾದ್ಯದ ಅಂತರವನ್ನು 30 ಸೆಂಟಿಮೀಟರ್‌ನಿಂದ 15ಕ್ಕೆ ಇಳಿಸಿದರೆ ಸುಮಾರು 6 ಡೆಸಿಬೆಲ್ ಲಾಭ. ವೇದಿಕೆಯಲ್ಲಿ ತೆರೆದಿರುವ ಮೈಕ್‌ಗಳ ಸಂಖ್ಯೆ ಎರಡರಷ್ಟಾದರೆ ಕೂಗದೆ ಏರಿಸಬಹುದಾದ ಮಟ್ಟದಲ್ಲಿ ಸುಮಾರು 3 ಡೆಸಿಬೆಲ್ ನಷ್ಟ. ಹಾಡದಿರುವವರ ಮುಂದಿನ ಮೈಕ್‌ಗಳನ್ನು ಮುಚ್ಚಿಸುವುದು ನಿಮಗೇ ಲಾಭ ಎಂಬುದು ಇದರಿಂದ ತಿಳಿಯುತ್ತದೆ. ಶೂರ್ ಎಸ್‌ಎಂ57ನಂಥ ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನ ಹಿಂದಿನ ಸದ್ದನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುವುದರಿಂದ ಮಾನಿಟರ್ (ಕಲಾವಿದರ ಕಡೆಗೆ ತಿರುಗಿಸಿಟ್ಟ ಸ್ಪೀಕರ್) ಇರಬೇಕಾದ್ದು ಮೈಕಿನ ನೇರ ಹಿಂದೆ; ನಮ್ಮ ಮೈಕ್‌ಸೆಟ್‌ನವರು ಜಾಗ ಸಿಕ್ಕ ಕಡೆ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಮೈಕನ್ನು ಕಂಡಿಯ ನೇರಕ್ಕೆ ಹಿಡಿಯಬೇಡಿ, ಅಲ್ಲಿ ಗುಮ್ಮೆನ್ನುವ ಗಾಳಿಯೇ ಹೆಚ್ಚು. ಕುತ್ತಿಗೆ ಪೆಟ್ಟಿಗೆಗೆ ಸೇರುವ ಕಡೆಗೆ ತಿರುಗಿಸಿದರೆ ನಾದ ಸಮವಾಗಿ ಬರುತ್ತದೆ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ಸಭಾಂಗಣದಲ್ಲಿ, ತಬಲಾ ಮತ್ತು ಹಾರ್ಮೋನಿಯಂ ಜೊತೆಗಿನ ದಾಸರ ಪದಗಳಿಗೆ ಹೀಗೆ ಇಟ್ಟ ಮೈಕಿನಷ್ಟು ಸಹಜವಾದ ನಾದವನ್ನು ಯಾವ ಪಿಕಪ್ಪೂ ಕೊಡುವುದಿಲ್ಲ. ಬೇಸಿಗೆಯಲ್ಲಿ ಕೂಲರ್‌ನ ಗಾಳಿ ಮಾತ್ರ ಮೈಕಿಗೆ ನೇರವಾಗಿ ಬಡಿಯದಂತೆ ನೋಡಿಕೊಳ್ಳಿ.

ಕೊಪ್ಪಳದ ಗವಿಮಠದ ಜಾತ್ರೆಯಂಥ ತೆರೆದ ಬಯಲಿನ ಕಾರ್ಯಕ್ರಮದಲ್ಲಿ, ಪಕ್ಕದಲ್ಲೇ ರಿದಂ ಪ್ಯಾಡ್ ಬಡಿಯುತ್ತಿರುವಾಗ ಮೈಕ್ ಸಾಲದು ಎಂಬುದನ್ನು ಒಪ್ಪುತ್ತೇನೆ. ಪಿಕಪ್ ಬೇಕಾಗುವುದು ಅಲ್ಲಿಗೆ.

ಮ್ಯಾಗ್ನೆಟಿಕ್ ಪಿಕಪ್ಪಿನ ಸಲಹೆಯನ್ನು ಬದಿಗಿಡಿ. ಅದು ಕಬ್ಬಿಣದ ಅಂಶವಿರುವ ತಂತಿಯ ಅಲುಗಾಟವನ್ನು ಮಾತ್ರ ಗುರುತಿಸುತ್ತದೆ. ನಿಮ್ಮ ಎ ಮತ್ತು ಇ ತಂತಿಗಳು ಬರಿಯ ಉಕ್ಕಿನವು. ಜಿ ಮತ್ತು ಡಿ ತಂತಿಗಳ ಉಕ್ಕಿನ ಎಳೆಗೆ ಕಂಚು ಸುತ್ತಿರುತ್ತದೆ, ಆ ಕಂಚು ಅಯಸ್ಕಾಂತಕ್ಕೆ ಇಲ್ಲದಂತೆಯೇ. ಫಲವಾಗಿ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ, ಮಂದ್ರ ಕುಗ್ಗುತ್ತದೆ. ನಿಕ್ಕಲ್ ಸುತ್ತಿನ ತಂತಿ ಹಾಕಿ ಅದನ್ನು ಸರಿದೂಗಿಸಬಹುದು, ಆದರೆ ಆಗ ಕೇಳುವುದು ತಂತಿಯೇ ಹೊರತು ನಿಮ್ಮ ತಂದೆಯವರು ಇಷ್ಟಪಟ್ಟು ನುಡಿಸಿದ ಮರದ ಪೆಟ್ಟಿಗೆಯಲ್ಲ.

ಶ್ರೀನಿವಾಸ್ ಅವರ ದನಿಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಉಪ್ಪಲಪು ಶ್ರೀನಿವಾಸ್ (1969–2014) ಕರ್ನಾಟಕ ಸಂಗೀತಕ್ಕೆ ತಂದದ್ದು ಎಲೆಕ್ಟ್ರಿಕ್ ಮ್ಯಾಂಡೊಲಿನ್, ಜೋಡಿಯಲ್ಲದ ಐದು ಒಂಟಿ ತಂತಿಗಳದ್ದು. ಒಂಟಿ ತಂತಿಯನ್ನು ಎಳೆದು ಗಮಕ ತೆಗೆಯುವುದು ಸುಲಭ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಟೊಳ್ಳಿಲ್ಲದ ಗಟ್ಟಿ ಮರದ ಒಡಲು ಸ್ಪೀಕರ್‌ನ ಸದ್ದಿಗೆ ಅಷ್ಟಾಗಿ ಅಲುಗುವುದೂ ಇಲ್ಲ. ನಿಮ್ಮ ಜೋಡಿ ತಂತಿಯ ವಾದ್ಯ ಮಿಂಚುವುದು ಮೀಟಿನ ಝೇಂಕಾರದಲ್ಲಿ, ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ಮೀಟುವ ತ್ರೆಮೊಲೊದಲ್ಲಿ. ಯಾವ ಪಿಕಪ್ ಹಾಕಿದರೂ ಒಂದು ಇನ್ನೊಂದಾಗುವುದಿಲ್ಲ. ಆ ಶೈಲಿಯನ್ನೇ ನುಡಿಸುವ ಆಸೆಯಿದ್ದರೆ ಬೇರೆ ವಾದ್ಯ ಕೊಳ್ಳುವುದೇ ಸರಿ. ಈ ಹಳೆಯ ವಾದ್ಯವನ್ನು ಅದಕ್ಕಾಗಿ ಬದಲಾಯಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉಳಿದದ್ದು ಪೀಜೋ ಪಿಕಪ್. ಒತ್ತಡ ಬಿದ್ದಾಗ ವಿದ್ಯುತ್ ಹುಟ್ಟಿಸುವ ಹರಳಿನ ಗುಣದ ಮೇಲೆ ಇದು ಕೆಲಸ ಮಾಡುತ್ತದೆ. ನಿಮಗೆ ಹೇಳಿದ ಬಜರ್‌ನ ಬಿಲ್ಲೆಯೂ ಇದೇ ಜಾತಿಯದು, ಆದ್ದರಿಂದ ಆ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ. ಕೆ ಆ್ಯಂಡ್ ಕೆ ಕಂಪನಿಯ ಮ್ಯಾಂಡೊಲಿನ್ ಪಿಕಪ್ಪಿನಲ್ಲಿಯೂ ಒಳಗಡೆಯಿಂದ, ಕುದುರೆ (ತಂತಿಗಳನ್ನು ಹೊತ್ತು ಮೇಲ್ಹಲಗೆಯ ಮೇಲೆ ನಿಲ್ಲುವ ಮರದ ತುಂಡು) ನಿಂತ ಜಾಗದ ಕೆಳಗೆ, ಎರಡು ಸಣ್ಣ ಬಿಲ್ಲೆಗಳನ್ನೇ ಅಂಟಿಸುತ್ತಾರೆ. ಆದರೆ "ಅಂಟಿಸಿದರೆ ಸಾಕು" ಎಂಬ ಮಾತಿನಲ್ಲಿ ದೊಡ್ಡದೊಂದು ಅಂಶ ಬಿಟ್ಟುಹೋಗಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಪೀಜೋ ಬಿಲ್ಲೆ ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಕೆಪಾಸಿಟರ್, ಅಂದರೆ ವಿದ್ಯುದಂಶವನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ; ಅದು ಎಷ್ಟು ಹಿಡಿಯುತ್ತದೆ ಎಂಬುದೇ ಕೆಪಾಸಿಟೆನ್ಸ್. ಅದು ವೋಲ್ಟೇಜನ್ನು ಹುಟ್ಟಿಸಬಲ್ಲದು, ಕರೆಂಟನ್ನು ಮಾತ್ರ ತೀರ ಅಲ್ಪವಾಗಿ ಕೊಡಬಲ್ಲದು. ಅದನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್ಟಿಗೆ ಕೊಡುವುದೆಂದರೆ ಸಣ್ಣ ಒರತೆಗೆ ದೊಡ್ಡ ಪಂಪ್ ಹಚ್ಚಿದಂತೆ. ಲೆಕ್ಕ ಹಾಕಿ ನೋಡಿ: 27 ಮಿಲಿಮೀಟರ್‌ನ ಬಜರ್ ಬಿಲ್ಲೆಯ ಕೆಪಾಸಿಟೆನ್ಸ್ ಸುಮಾರು 20 ನ್ಯಾನೊಫ್ಯಾರಡ್ ಇರುತ್ತದೆ, ಮಿಕ್ಸರ್‌ನ ಲೈನ್ ಇನ್‌ಪುಟ್ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಸಾಮಾನ್ಯವಾಗಿ 10 ಕಿಲೋ ಓಮ್‌ನ ಆಸುಪಾಸು. ಈ ಎರಡೂ ಸೇರಿದಾಗ ಸುಮಾರು 800 ಹರ್ಟ್ಸ್‌ಗಿಂತ ಕೆಳಗಿನ ನಾದವೆಲ್ಲ ಕ್ಷೀಣಿಸತೊಡಗುತ್ತದೆ, ಕೆಳಗೆ ಇಳಿದಷ್ಟೂ ಹೆಚ್ಚು. ನಿಮ್ಮ ವಾದ್ಯದ ಖುಲ್ಲಾ ತಂತಿಗಳಲ್ಲಿ ಅತಿ ಮೇಲಿನದಾದ ಇ ಕೂಡ 659 ಹರ್ಟ್ಸ್ ಮಾತ್ರ. ಅಂದರೆ ನಾಲ್ಕೂ ಜೋಡಿಗಳ ಮೂಲಸ್ವರ ಸೊರಗಿ, ಮೇಲಿನ ಕರಕರ ಮಾತ್ರ ಸ್ಪೀಕರ್ ತಲುಪುತ್ತದೆ. "ಪೀಜೋ ಎಂದರೆ ತಗಡಿನ ಸದ್ದು" ಎಂದು ನಮ್ಮಲ್ಲಿ ಬಂದಿರುವ ಕೆಟ್ಟ ಹೆಸರಿನ ಬಹುಪಾಲು ಇಲ್ಲಿಂದ ಹುಟ್ಟಿದ್ದು. ಅದೇ ಬಿಲ್ಲೆಯನ್ನು 1 ಮೆಗಾ ಓಮ್ ಇನ್‌ಪುಟ್ ಇರುವ ಪ್ರಿಆ್ಯಂಪ್‌ಗೆ (ಪಿಕಪ್ಪಿಗೂ ಮಿಕ್ಸರಿಗೂ ನಡುವೆ ಇರಬೇಕೆಂದು ಮೊದಲು ಹೇಳಿದ ಪೆಟ್ಟಿಗೆ ಇದೇ) ಕೊಟ್ಟರೆ ಕಡಿತ 8 ಹರ್ಟ್ಸ್‌ಗೆ ಇಳಿಯುತ್ತದೆ, ಜಿ ತಂತಿಯ ಮಂದ್ರ ತುಂಬಿ ಬರುತ್ತದೆ. ಕುದುರೆಯಲ್ಲಿ ಕೂರಿಸುವ ಚಿಕ್ಕ ಪೀಜೋಗಳ ಕೆಪಾಸಿಟೆನ್ಸ್ ಇನ್ನೂ ಕಡಿಮೆ. ಒಂದು ನ್ಯಾನೊಫ್ಯಾರಡ್‌ನಷ್ಟು ಇದ್ದರೆ 1 ಮೆಗಾ ಓಮ್ ಇದ್ದರೂ ಸುಮಾರು 160 ಹರ್ಟ್ಸ್‌ನಿಂದ ಕೆಳಗೆ ಸೊರಗುತ್ತದೆ. ಎಲ್.ಆರ್. ಬ್ಯಾಗ್ಸ್‌ನ ಪ್ಯಾರಾ ಡಿಐಯಂಥ ಪ್ರಿಆ್ಯಂಪ್‌ಗಳು 10 ಮೆಗಾ ಓಮ್ ಇನ್‌ಪುಟ್ ಕೊಡುವುದು ಇಂಥ ಪಿಕಪ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ.

ವಾದ್ಯದಿಂದ ಪ್ರಿಆ್ಯಂಪ್‌ವರೆಗಿನ ವಯರ್ ಕೂಡ ಗಿಡ್ಡವಾಗಿರಲಿ, ಮೂರು ಮೀಟರ್ ಸಾಕು. ಪೀಜೋಗೆ ಉದ್ದ ವಯರ್ ಹಾಕಿದರೆ ಮೇಲಿನ ಸ್ವರ ಮಂಕಾಗುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಮ್ಯಾಗ್ನೆಟಿಕ್ ಪಿಕಪ್ಪಿನ ಗುಣ. ಪೀಜೋದಲ್ಲಿ ಒಟ್ಟು ಮಟ್ಟವೇ ಇಳಿಯುತ್ತದೆ, ಜೊತೆಗೆ ಹಮ್, ಅಂದರೆ ಕರೆಂಟಿನ ಗುಂಯ್‌ಗುಡುವ ಸದ್ದು, ಹೆಚ್ಚುತ್ತದೆ. ಪ್ರಿಆ್ಯಂಪ್ ದಾಟಿದ ಮೇಲೆ ವಯರ್ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ.

ಇನ್ನು ಪೀಜೋವನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ. ಮೇಲ್ಹಲಗೆಯ ಒಳಗೆ ಅಂಟಿಸಿದರೆ ಮರದ ದನಿ ಚೆನ್ನಾಗಿ ಬರುತ್ತದೆ, ಕೂಗುವ ಅಪಾಯವೂ ಹೆಚ್ಚು. ಕುದುರೆಯಲ್ಲೇ ಪಿಕಪ್ ಇದ್ದರೆ ದನಿ ಕೊಂಚ ಒಣ, ಮೀಟಿದ ಸದ್ದು ಮುಂದೆ, ಆದರೆ ಗದ್ದಲದ ವೇದಿಕೆಯಲ್ಲಿ ಹೆಚ್ಚು ತಾಳುತ್ತದೆ. ಫಿಶ್‌ಮನ್ ಮೊದಲಾದವರು ಪಿಕಪ್ ಸಮೇತ ಕುದುರೆಗಳನ್ನೇ ಮಾಡುತ್ತಾರೆ. ನಿಮ್ಮಂಥ ಉಬ್ಬು ಹಲಗೆಯ ಮ್ಯಾಂಡೊಲಿನ್‌ನಲ್ಲಿ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲಿ ಅದು ಸುಮ್ಮನೆ ನಿಂತಿರುತ್ತದೆ. ಹೊಸ ಕುದುರೆಯ ಪಾದಗಳು ಹಲಗೆಯ ಉಬ್ಬಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ಅದಕ್ಕಾಗಿ ಹಲಗೆಯ ಮೇಲೆ ಉಪ್ಪುಕಾಗದವನ್ನು ಉರುಟು ಮುಖ ಮೇಲಾಗಿ ಹಾಸಿ, ಕುದುರೆಯನ್ನು ಅದು ನಿಲ್ಲುವ ಜಾಗದಲ್ಲೇ ಹಿಂದಕ್ಕೆ ಮುಂದಕ್ಕೆ ಸಣ್ಣಗೆ ತೀಡುತ್ತಾರೆ. ಈ ತೀಡುವ ಕೆಲಸ ಸರಿಯಾಗದಿದ್ದರೆ ಎಷ್ಟೇ ಬೆಲೆಯ ಪಿಕಪ್ ಆದರೂ ಒಂದು ಜೋಡಿ ತಂತಿ ಜೋರು, ಇನ್ನೊಂದು ಮೆಲ್ಲಗೆ ಕೇಳುತ್ತದೆ. ಎಂಟೂ ತಂತಿಗಳನ್ನು ಒಮ್ಮೆಲೇ ಬಿಚ್ಚುವವರ ಕೈಗೆ ವಾದ್ಯ ಕೊಡಬೇಡಿ. ಕುದುರೆಯ ಜಾಗವನ್ನು ಮೊದಲು ಗುರುತು ಮಾಡಿಕೊಂಡು, ಕೆಲಸ ಮುಗಿದ ಮೇಲೆ ಹನ್ನೆರಡನೆಯ ಮೆಟ್ಟಿಲಿನ ಸ್ವರ ಖುಲ್ಲಾ ತಂತಿಯ ಸರಿಯಾದ ತಾರಸ್ವರವಾಗಿದೆಯೇ ಎಂದು ಟ್ಯೂನರ್‌ನಲ್ಲಿ ಎದುರಿಗೇ ನೋಡಿಕೊಳ್ಳಿ. ಹೊಸ ಕುದುರೆ ಭಾರವಾಗಿದ್ದರೆ ಮೈಕಿಲ್ಲದೆ ನುಡಿಸುವಾಗಿನ ದನಿಯೂ ಸ್ವಲ್ಪ ಕುಗ್ಗುತ್ತದೆ ಎಂಬುದು ತಿಳಿದಿರಲಿ. ಹಳೆಯ ಕುದುರೆಯನ್ನು ಎಸೆಯದೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ, ಯಾವಾಗ ಬೇಕಾದರೂ ಮರಳಿ ಕೂರಿಸಬಹುದು.

ಅಂಟಿಸುವ ಪಿಕಪ್ಪಿನ ಬಗ್ಗೆ ನಮ್ಮ ಊರುಗಳ ಬಿಸಿಲನ್ನು ನೆನಪಿಟ್ಟು ಒಂದು ಮಾತು ಹೇಳಬೇಕು. ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಮೇಣದಂಥ ಅಂಟಿನಿಂದಲೋ ಎರಡು ಮುಖದ ಟೇಪಿನಿಂದಲೋ ಕೂರಿಸಿದ ಬಿಲ್ಲೆ ಆ ಶಾಖಕ್ಕೆ ಮೆದುವಾಗಿ ಜಾರುತ್ತದೆ, ಹಿಡಿತ ಸಡಿಲವಾದ ಕೂಡಲೇ ನಾದ ಮಂಕಾಗಿ ಕರಕರ ಶುರುವಾಗುತ್ತದೆ. ಜಾಗ ಹುಡುಕುವುದಕ್ಕೆ ಮಾತ್ರ ಈ ಅಂಟುಗಳು ಒಳ್ಳೆಯವು. ಬಿಲ್ಲೆಯನ್ನು ಹೊರಗಡೆಯೇ ಕುದುರೆಯ ಪಾದದ ಪಕ್ಕ ತಾತ್ಕಾಲಿಕವಾಗಿ ಅಂಟಿಸಿ, ಬೆರಳಗಲ ಸರಿಸುತ್ತಾ ನುಡಿಸಿ ಕೇಳಿ; ಅಷ್ಟು ಸಣ್ಣ ಅಂತರದಲ್ಲೇ ದನಿ ಗುಮ್ಮೆನ್ನುವುದರಿಂದ ಕಿರ್ರೆನ್ನುವವರೆಗೆ ಬದಲಾಗುವುದನ್ನು ಕೇಳಿದಾಗ, ಜಾಗದ ಮಹತ್ವ ನಿಮಗೇ ಅರಿವಾಗುತ್ತದೆ. ಹೀಗೆ ಪರೀಕ್ಷಿಸುವಾಗ ಹಳೆಯ ಪಾಲಿಶ್ ಏಳದಂತೆ ಅಂಟನ್ನು ಅಂದೇ, ನಿಧಾನವಾಗಿ ಬಿಡಿಸಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಂತೂ ವಾದ್ಯವನ್ನು ಬಿಡಲೇಬಾರದು, ಅಲ್ಲಿ ಪಿಕಪ್ಪಿನ ಅಂಟಷ್ಟೇ ಅಲ್ಲ, ವಾದ್ಯದ ಜೋಡಣೆಗಳೇ ಸಡಿಲಗೊಳ್ಳಬಹುದು.

ತೂತಿನ ಭಯಕ್ಕೆ ಬರುತ್ತೇನೆ. ವಾದ್ಯದ ತುದಿಯಲ್ಲಿ ಜ್ಯಾಕ್ ಕೂರಿಸಲು ಸುಮಾರು 12 ಮಿಲಿಮೀಟರ್ ಅಗಲದ ತೂತು ಬೇಕು. ಅದು ಒಳಗಿನ ದಪ್ಪ ಮರದ ತುಂಡಿನಲ್ಲಿ ಬರುವುದರಿಂದ ನಾದ ಕೆಡುತ್ತದೆ ಎಂಬ ಮಾತಿಗೆ ಹೆಚ್ಚು ಆಧಾರವಿಲ್ಲ. ನಿಜವಾದ ಅಪಾಯ ಬೇರೆ. ಹಳೆಯ ಮರ ಒಣಗಿರುತ್ತದೆ, ಮೊಂಡಾದ ಬಿಟ್ಟಿನಿಂದ ಅವಸರದಲ್ಲಿ ಕೊರೆದರೆ ಆ ತುಂಡು ಸೀಳುತ್ತದೆ. ತಂತಿಗಳ ಸೆಳೆತವನ್ನೆಲ್ಲ ಹೊರುವ ಜಾಗ ಅದೇ. ತಂದೆಯವರ ವಾದ್ಯವೆಂದ ಮೇಲೆ ಆ ಕೆಲಸಕ್ಕೆ ಇಳಿಯುವ ಅಗತ್ಯವೂ ಇಲ್ಲ. ವಯಲಿನ್‌ನ ಗದ್ದದ ಪಟ್ಟಿಯ ಹಾಗೆ ಪಕ್ಕದ ಅಂಚಿಗೆ ಕಾರ್ಕ್ ಒತ್ತು ಕೊಟ್ಟು ಬಿಗಿಯುವ ಜ್ಯಾಕ್‌ಗಳು ಸಿಗುತ್ತವೆ, ಬೇಡವಾದಾಗ ಬಿಚ್ಚಿಡಬಹುದು.

ಇದಕ್ಕಿಂತ ಗಂಭೀರವಾದ ವಿಷಯವೆಂದರೆ ಕರೆಂಟು. ಮೈಕ್ ಇರುವಾಗ ವಾದ್ಯಕ್ಕೂ ವಿದ್ಯುತ್ತಿಗೂ ಸಂಬಂಧವಿರಲಿಲ್ಲ. ಪಿಕಪ್ ಹಾಕಿದ ಮೇಲೆ ವಯರ್‌ನ ಲೋಹ, ಅರ್ತ್ ಜೋಡಿಸಿದ್ದರೆ ತಂತಿಗಳು ಕೂಡ, ಧ್ವನಿ ವ್ಯವಸ್ಥೆಯೊಂದಿಗೆ ಸೇರುತ್ತವೆ. ಹಳ್ಳಿಯ ಕಾರ್ಯಕ್ರಮಗಳಲ್ಲಿ ಜನರೇಟರಿಗೋ ಕಂಬದಿಂದ ಎಳೆದ ಲೈನಿಗೋ ಸರಿಯಾದ ಅರ್ತಿಂಗ್ ಇಲ್ಲದಿರುವುದು ಹೊಸದಲ್ಲ. ಹಮ್ ಬರುತ್ತಿದೆಯೆಂದು ಆ್ಯಂಪ್ಲಿಫೈಯರ್ ಪ್ಲಗ್ಗಿನ ಅರ್ತ್ ಪಿನ್ ತೆಗೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಅದು ಜೀವಕ್ಕೆ ಅಪಾಯ. ಹಮ್ ತೆಗೆಯುವುದಕ್ಕೆಂದೇ ಡಿಐ ಬಾಕ್ಸಿನಲ್ಲಿ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ನ ಮೈಕ್ ಸಾಕೆಟ್ಟಿಗೆ ಒಗ್ಗಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಅದನ್ನು ಬಳಸಿ. ಹಾಗೆಯೇ ಹಲವು ಸಣ್ಣ ಮಿಕ್ಸರ್‌ಗಳಲ್ಲಿ ಕೆಲವು ಮೈಕ್‌ಗಳಿಗೆ ಅವುಗಳ ವಯರಿನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್, ಎಲ್ಲ ಚಾನೆಲ್‌ಗಳಿಗೂ ಒಂದೇ ಗುಂಡಿಯಲ್ಲಿ ಹೋಗುತ್ತದೆ. ಬರಿಯ ಪಿಕಪ್ಪಿನ ವಯರನ್ನು ಅಡಾಪ್ಟರ್ ಹಾಕಿ ಮೈಕಿನ ಸಾಕೆಟ್ಟಿಗೆ ಕೊಡಬೇಡಿ. ನಡುವೆ ಡಿಐ ಇರಲೇಬೇಕು.

ಈಗ ನಿಮ್ಮ ಹನ್ನೆರಡು ಸಾವಿರದ ಲೆಕ್ಕ. ಹೆಸರಾಂತ ಕಂಪನಿಯ ಪಿಕಪ್, ಪ್ರಿಆ್ಯಂಪ್ ಎರಡನ್ನೂ ಹೊಸದಾಗಿ ಈ ಮೊತ್ತದಲ್ಲಿ ಕೊಳ್ಳುವುದು ಕಷ್ಟ. ಅಂಗಡಿಯವರು ಇಡೀ ಹಣವನ್ನು ಪಿಕಪ್ಪಿಗೇ ಹಾಕಿಸಿ, "ಪ್ರಿಆ್ಯಂಪ್ ಆಮೇಲೆ ನೋಡೋಣ" ಎನ್ನಬಹುದು. ನಾನು ಅದರ ವಿರುದ್ಧ ಹೇಳುತ್ತೇನೆ. ಹೆಚ್ಚಿನ ಪಾಲನ್ನು ಪ್ರಿಆ್ಯಂಪ್‌ಗೆ ಇಡಿ, ಸುಸ್ಥಿತಿಯಲ್ಲಿರುವ ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಕನಿಷ್ಠ 1 ಮೆಗಾ ಓಮ್ ಇನ್‌ಪುಟ್, ಕೂಗುವ ಒಂದು ಸ್ವರವನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್, ಸಿಗ್ನಲ್ಲಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿ, ಡಿಐ ಔಟ್ ಇರುವುದನ್ನೇ ಕೇಳಿ. ಪಿಕಪ್ಪಿಗೆ ಸದ್ಯಕ್ಕೆ ಸಾಧಾರಣ ಬೆಲೆಯ, ಶೀಲ್ಡ್ ಇರುವ ವಯರಿನ ಪೀಜೋ ಸಾಕು. ಸಾಧಾರಣ ಪಿಕಪ್ ಒಳ್ಳೆಯ ಪ್ರಿಆ್ಯಂಪ್‌ನ ಜೊತೆ ಮರ್ಯಾದೆಯಿಂದ ನುಡಿಯುತ್ತದೆ. ಒಳ್ಳೆಯ ಪಿಕಪ್ ಪ್ರಿಆ್ಯಂಪ್ ಇಲ್ಲದೆ ಹಾಗೆ ನುಡಿಯುವುದಿಲ್ಲ. ಮುಂದಿನ ಸೀಸನ್‌ನಲ್ಲಿ ಹಣ ಕೂಡಿದಾಗ ಪಿಕಪ್ ಇರುವ ಕುದುರೆಗೆ ಹೋಗಿ. ನಿಮ್ಮ ಗಳಿಕೆ ಆರ್ಕೆಸ್ಟ್ರಾದಿಂದಲೇ ಹೆಚ್ಚಿದ್ದರೆ ಮೇಲ್ಹಲಗೆಯ ಪಿಕಪ್ಪಿಗಿಂತ ಅದೇ ನಿಮಗೆ ತಕ್ಕದ್ದು.

ವೇದಿಕೆಯಲ್ಲಿ ಹೊಂದಿಸುವಾಗ ಮೊದಲು 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅಲ್ಲಿ ನಿಮ್ಮ ವಾದ್ಯದ ಸ್ವರ ಯಾವುದೂ ಇಲ್ಲ, ವೇದಿಕೆಯ ಹಲಗೆಯ ಧಡಧಡ ಮಾತ್ರ ಇದೆ. ಆಮೇಲೆ ವಾಲ್ಯೂಮನ್ನು ಮೆಲ್ಲಗೆ ಏರಿಸುತ್ತಾ, ಯಾವ ಸ್ವರ ಮೊದಲು ಮೊರೆಯತೊಡಗುತ್ತದೋ ಅಲ್ಲಿಗೆ ನಾಚ್ ಫಿಲ್ಟರನ್ನು ತಿರುಗಿಸಿ ತಗ್ಗಿಸಿ. ಮೊದಲು ಗುನುಗಿ ಕಂಡುಕೊಂಡ ಸ್ವರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೇಸ್ ಗುಂಡಿಯನ್ನು ಎರಡೂ ಕಡೆ ಒತ್ತಿ, ಕೂಗು ಕಡಿಮೆಯಾಗುವ ಕಡೆ ಬಿಡಿ. ಮೀಟಿದ ಸದ್ದು ಕರಕರ ಎನಿಸಿದರೆ 2ರಿಂದ 3 ಕಿಲೋ ಹರ್ಟ್ಸ್ ನಡುವೆ ಕೊಂಚ ಇಳಿಸಿದರೆ ಸಾಕು, ಟ್ರೆಬಲ್ ಪೂರ್ತಿ ಇಳಿಸಿದರೆ ಝೇಂಕಾರವೇ ಹೋಗುತ್ತದೆ. ಇಷ್ಟಾದರೂ ಕೂಗುತ್ತಿದ್ದರೆ ಎಫ್ ಕಂಡಿಗಳನ್ನು ಮೆದುವಾದ ಸ್ಪಾಂಜಿನಿಂದ ಹಗುರವಾಗಿ ಮುಚ್ಚಿ ನುಡಿಸಿ, ಪೆಟ್ಟಿಗೆಯ ಗಾಳಿಯ ಕಂಪನ ತಗ್ಗುತ್ತದೆ.

ರೆಕಾರ್ಡಿಂಗ್‌ಗೆ ಈ ಪಿಕಪ್ ಬೇಡ. ಅಲ್ಲಿ ಸ್ಪೀಕರ್ ಇಲ್ಲ, ಕೂಗುವ ಭಯವೂ ಇಲ್ಲ. ಫ್ಯಾನ್ ನಿಲ್ಲಿಸಿದ, ಹಾಸಿಗೆ ಪರದೆಗಳಿರುವ ಕೋಣೆಯಲ್ಲಿ ಮೈಕನ್ನು ಒಂದಡಿ ದೂರ ಇಟ್ಟು ನುಡಿಸಿ. ಸ್ಟುಡಿಯೊದವರು ಪಿಕಪ್ಪಿನ ವಯರನ್ನೇ ಕೇಳಿದರೆ, ಅದನ್ನು ಬೇರೆ ಟ್ರ್ಯಾಕಿನಲ್ಲಿ ತೆಗೆದುಕೊಂಡು ಮೈಕಿನದನ್ನೇ ಮುಖ್ಯವಾಗಿ ಇಡುವಂತೆ ಹೇಳಿ.